ಉಳಿತಾಯ ಯಾರ ಪಾಲಿಗೆ? ವಾಹನ ಉದ್ಯಮದಲ್ಲಿ ಪೂರೈಕೆದಾರರೊಡನೆ ಸಹಕಾರ

ಒಂದು ಬಿಡಿಭಾಗದ ದರವನ್ನು ಮೊದಲ ವರ್ಷ 100 ಎಂದಿಟ್ಟುಕೊಳ್ಳೋಣ. ವಾಹನ ತಯಾರಿಕಾ ಕಂಪನಿಗಳು ತಮ್ಮ ಪೂರೈಕೆದಾರರೊಡನೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ಆ ದರವು ವರ್ಷವರ್ಷವೂ ಇಂತಿಷ್ಟು ಇಳಿಯಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ವರ್ಷಕ್ಕೆ ಶೇ. 3ರಂತೆ ಐದು ಸಲ ಇಳಿದರೆ 100 ಇದ್ದದ್ದು ಹೆಚ್ಚುಕಡಿಮೆ 86ಕ್ಕೆ ಬರುತ್ತದೆ. ಅದೇ ಅವಧಿಯಲ್ಲಿ ಕಚ್ಚಾವಸ್ತು, ವಿದ್ಯುತ್ತು, ಸಂಬಳಗಳು ಇಳಿಯುವುದು ಅಪರೂಪ. ಗುಣಮಟ್ಟದಲ್ಲಿ ಕೈಯಾಡಿಸುವುದನ್ನು ಬಿಟ್ಟರೆ ಈ ಅಂತರವನ್ನು ತುಂಬಿಕೊಳ್ಳಲು ಪೂರೈಕೆದಾರನಿಗೆ ಎರಡು ದಾರಿಗಳಿವೆ: ಕೆಲಸದ ಕ್ರಮವನ್ನು ಸುಧಾರಿಸಿ ವೆಚ್ಚವನ್ನು ನಿಜವಾಗಿಯೂ ತಗ್ಗಿಸುವುದು, ಇಲ್ಲವೇ ಮುಂದೆ ಬರಲಿರುವ ಇಳಿಕೆಯನ್ನೆಲ್ಲ ಮೊದಲ ಕೊಟೇಶನ್ನಿನಲ್ಲಿಯೇ ಸೇರಿಸಿಟ್ಟಿರುವುದು. ಎರಡನೆಯ ದಾರಿ ಎಷ್ಟು ಬಳಕೆಯಲ್ಲಿದೆ ಎಂಬುದು ಖರೀದಿ ವಿಭಾಗದಲ್ಲಿ ಕುಳಿತವರಿಗೆಲ್ಲ ಗೊತ್ತು. ಆದರೆ ಅದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ನನ್ನ ಕುತೂಹಲ ಇರುವುದು ಮೊದಲ ದಾರಿಯನ್ನು ಹಿಡಿದವನಿಗೆ ಏನಾಗುತ್ತದೆ ಎಂಬುದರಲ್ಲಿ. ಅವನು ತಗಡಿನ ಹಾಳೆಯಿಂದ ತುಂಡುಗಳನ್ನು ಕತ್ತರಿಸುವ ವಿನ್ಯಾಸವನ್ನು ಬದಲಿಸಿ ಸ್ಕ್ರ್ಯಾಪ್ ಕಡಿಮೆ ಮಾಡಿದ ಎನ್ನಿ. ಆ ವಿಷಯವನ್ನು ಗ್ರಾಹಕ ಕಂಪನಿಗೆ ತಿಳಿಸುತ್ತಾನೆ, ಏಕೆಂದರೆ ನಕ್ಷೆಯಲ್ಲಿ ಸಣ್ಣ ಬದಲಾವಣೆಗೆ ಅದರ ಒಪ್ಪಿಗೆ ಬೇಕು. ಒಪ್ಪಿಗೆ ಬರುತ್ತದೆ, ಅದರ ಹಿಂದೆಯೇ ಉಳಿತಾಯವನ್ನು ಪೂರ್ತಿಯಾಗಿ ದರದಲ್ಲಿ ಕಡಿತಗೊಳಿಸುವಂತೆ ಪತ್ರವೂ ಬರುತ್ತದೆ, ವರ್ಷದ ಕೊನೆಯಲ್ಲಿ ಮಾಮೂಲಿನ ಶೇ. 3ರ ಇಳಿಕೆಯ ಬೇಡಿಕೆ ಬೇರೆ. ಹೀಗೆ ಒಂದು ಸಲ ಆದವನು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಸಹಕಾರದ ಸಂಬಂಧ ಎಂಬುದನ್ನು ಪರಸ್ಪರ ನಂಬಿಕೆ, ಪಾಲುದಾರಿಕೆ ಮುಂತಾದ ದೊಡ್ಡ ಮಾತುಗಳಲ್ಲಿ ವಿವರಿಸುವ ರೂಢಿ ಇದೆ. ನಾನು ಕಂಡಂತೆ ಅದು ಮುಖ್ಯವಾಗಿ ಒಂದು ಲೆಕ್ಕದ ಮೇಲೆ ನಿಂತಿದೆ: ಇಬ್ಬರೂ ಸೇರಿ ಹುಡುಕಿದ ಉಳಿತಾಯ ಯಾರ ಪಾಲಿಗೆ ಎಷ್ಟು ಹೋಗುತ್ತದೆ, ಎಣಿಸದೆ ಬಂದ ನಷ್ಟವನ್ನು ಯಾರು ಎಷ್ಟು ಹೊರುತ್ತಾರೆ, ಮತ್ತು ಈ ಹಂಚಿಕೆಯ ನಿಯಮ ಮುಂದಿನ ವರ್ಷವೂ ಹಾಗೆಯೇ ಇರುತ್ತದೆಯೇ ಎಂಬುದು.

ಇದಕ್ಕೆ ಕ್ರೈಸ್ಲರ್ ಕಂಪನಿಯ ಕಥೆಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. 1980ರ ದಶಕದ ಕೊನೆಯವರೆಗೂ ಅಮೆರಿಕದ ಉಳಿದ ವಾಹನ ಕಂಪನಿಗಳಂತೆ ಅದೂ ಪ್ರತಿ ಬಿಡಿಭಾಗಕ್ಕೂ ಟೆಂಡರು ಕರೆದು, ಕಡಿಮೆ ದರ ಹೇಳಿದವನಿಗೆ ಆರ್ಡರ್ ಕೊಡುತ್ತಿತ್ತು. ವಿನ್ಯಾಸ ಮಾಡುವವನೊಬ್ಬ, ಮಾದರಿ ಮಾಡಿಕೊಡುವವನೊಬ್ಬ, ಕೊನೆಗೆ ಲಕ್ಷಗಟ್ಟಲೆ ತಯಾರಿಸುವವನು ಮತ್ತೊಬ್ಬ. ತಯಾರಿಸಲು ಕಷ್ಟವಾಗುವ ವಿನ್ಯಾಸ ಬಂದರೆ ಅದು ಯಾರ ತಪ್ಪೆಂದು ಹೇಳಲೂ ಆಗುತ್ತಿರಲಿಲ್ಲ. ಆ ಕಂಪನಿ ಕ್ರಮೇಣ ಇದನ್ನು ಬಿಟ್ಟು, ಹೊಸ ಕಾರಿನ ಯೋಜನೆ ಕಾಗದದ ಮೇಲಿರುವಾಗಲೇ ಪೂರೈಕೆದಾರನನ್ನು ಆರಿಸಿ, ಗುರಿ ವೆಚ್ಚವನ್ನು (ಆ ಭಾಗಕ್ಕೆ ಇಷ್ಟೇ ಖರ್ಚಾಗಬೇಕೆಂದು ಮೊದಲೇ ಗೊತ್ತುಮಾಡಿದ ಮೊತ್ತವನ್ನು) ಮುಂದಿಟ್ಟು, ಅದನ್ನು ಮುಟ್ಟುವ ಬಗೆಯನ್ನು ಅವನೊಡನೆ ಕುಳಿತು ಯೋಚಿಸುವ ಪದ್ಧತಿಗೆ ಬಂದಿತು. ಖರೀದಿ ವಿಭಾಗದ ಮುಖ್ಯಸ್ಥರಾಗಿದ್ದ ಥಾಮಸ್ ಸ್ಟಾಲ್‌ಕ್ಯಾಂಪ್ ಅವರ ಕಾಲದಲ್ಲಿ ‘ಸ್ಕೋರ್’ ಎಂಬ ಯೋಜನೆ ಬೆಳೆಯಿತು. ಪ್ರತಿ ಪೂರೈಕೆದಾರನೂ ಕ್ರೈಸ್ಲರ್‌ನೊಡನೆ ತಾನು ಮಾಡುವ ವರ್ಷದ ವ್ಯಾಪಾರದ ಶೇ. 5ರಷ್ಟು ಮೊತ್ತವನ್ನು ಉಳಿಸಬಲ್ಲ ಸಲಹೆಗಳನ್ನು ಕೊಡಬೇಕೆಂಬುದು ಅದರ ಗುರಿ. ಉಳಿತಾಯದ ಅರ್ಧವನ್ನು ಪೂರೈಕೆದಾರನು ತಾನೇ ಇಟ್ಟುಕೊಳ್ಳಬಹುದಿತ್ತು. ಹೆಚ್ಚಿನ ಪಾಲನ್ನು ಬಿಟ್ಟುಕೊಟ್ಟರೆ ಅದು ಅವನ ಅಂಕಪಟ್ಟಿಯಲ್ಲಿ ಸೇರಿ, ಮುಂದಿನ ಆರ್ಡರ್‌ಗಳಿಗೆ ಅನುಕೂಲವಾಗುತ್ತಿತ್ತು. ಮುಖ್ಯವಾದ ಇನ್ನೊಂದು ಅಂಶವೆಂದರೆ, ಸಲಹೆಗಳು ಪೂರೈಕೆದಾರನ ಕಾರ್ಖಾನೆಗೆ ಮಾತ್ರ ಸಂಬಂಧಿಸಿರಬೇಕಾಗಿರಲಿಲ್ಲ. ಕ್ರೈಸ್ಲರ್ ತನ್ನೊಳಗೇ ಎಲ್ಲಿ ದುಂದು ಮಾಡುತ್ತಿದೆ ಎಂದು ಹೊರಗಿನವನು ಹೇಳಬಹುದಿತ್ತು, ಹೇಳಿದ್ದಕ್ಕೆ ಉತ್ತರ ಬರುತ್ತಿತ್ತು. 1995ರ ಅಂತ್ಯದ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಸಲಹೆಗಳು ಜಾರಿಯಾಗಿ, ವರ್ಷಕ್ಕೆ 170 ಕೋಟಿ ಡಾಲರ್‌ಗೂ ಮಿಕ್ಕಿದ ಉಳಿತಾಯ ದಾಖಲಾಗಿತ್ತು.

ಅದೇ ಕಾಲದಲ್ಲಿ ಜನರಲ್ ಮೋಟಾರ್ಸ್ ತದ್ವಿರುದ್ಧ ದಾರಿಯಲ್ಲಿತ್ತು. 1992ರಲ್ಲಿ, ಕಂಪನಿ ಭಾರೀ ನಷ್ಟದಲ್ಲಿದ್ದಾಗ, ಖರೀದಿಯ ಹೊಣೆ ಹೊತ್ತ ಹೊಸೆ ಇಗ್ನಾಸಿಯೊ ಲೋಪೆಸ್ ಅವರು ಚಾಲ್ತಿಯಲ್ಲಿದ್ದ ಒಪ್ಪಂದಗಳನ್ನೇ ಬದಿಗೆ ಸರಿಸಿ ಹೊಸದಾಗಿ ದರ ಕರೆದರು. ಒಬ್ಬ ಪೂರೈಕೆದಾರನ ನಕ್ಷೆಗಳನ್ನು ಅವನ ಪ್ರತಿಸ್ಪರ್ಧಿಗೆ ತೋರಿಸಿ ಕಡಿಮೆ ದರ ಕೇಳಲಾಗುತ್ತದೆ ಎಂಬ ದೂರು ಉದ್ಯಮದಲ್ಲಿ ವ್ಯಾಪಕವಾಗಿತ್ತು. 1993ರಲ್ಲಿ ಲೋಪೆಸ್ ಫೋಕ್ಸ್‌ವ್ಯಾಗನ್‌ಗೆ ಹೋದರು, ಗುಟ್ಟಿನ ದಾಖಲೆಗಳನ್ನು ಒಯ್ದರೆಂದು ಜನರಲ್ ಮೋಟಾರ್ಸ್ ಮೊಕದ್ದಮೆ ಹೂಡಿತು, 1997ರ ಜನವರಿಯಲ್ಲಿ ಫೋಕ್ಸ್‌ವ್ಯಾಗನ್ 10 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ದರಗಳು ಇಳಿದದ್ದು ನಿಜ, ಅದನ್ನು ಅಲ್ಲಗಳೆಯಲಾಗದು. ಮುಳುಗುತ್ತಿದ್ದ ಕಂಪನಿಗೆ ಆ ಹಣ ಬೇಕಾಗಿಯೂ ಇತ್ತು. ಆದರೆ ತನ್ನ ನಕ್ಷೆ ನಾಳೆ ಬೇರೆಯವನ ಮೇಜಿನ ಮೇಲಿರಬಹುದು ಎಂದು ಶಂಕಿಸುವವನು ತನ್ನ ಹೊಸ ತಂತ್ರವನ್ನು ಮೊದಲು ಯಾರ ಬಳಿಗೆ ಒಯ್ಯುತ್ತಾನೆ ಎಂಬುದನ್ನು ಊಹಿಸಲು ಕಷ್ಟಪಡಬೇಕಿಲ್ಲ.

ಕ್ರೈಸ್ಲರ್ ಕಥೆಯ ಉತ್ತರಾರ್ಧ ಇನ್ನೂ ಪಾಠದಾಯಕ. 1998ರಲ್ಲಿ ಅದು ಜರ್ಮನಿಯ ವಾಹನ ಕಂಪನಿ ಡೈಮ್ಲರ್‌ನೊಡನೆ ವಿಲೀನವಾಯಿತು, ಮರುವರ್ಷ ಸ್ಟಾಲ್‌ಕ್ಯಾಂಪ್ ಹೊರಬಿದ್ದರು, 2000ದ ಕೊನೆಗೆ ನಷ್ಟ ತಲೆದೋರಿದಾಗ ಹೊಸ ಆಡಳಿತವು 2001ರ ಜನವರಿ 1ರಿಂದ ಎಲ್ಲ ಪೂರೈಕೆದಾರರೂ ದರದಲ್ಲಿ ಶೇ. 5 ಇಳಿಸಬೇಕು, ನಂತರದ ಎರಡು ವರ್ಷಗಳಲ್ಲಿ ಮತ್ತೆ ಶೇ. 10ರಷ್ಟು ಉಳಿಸಿಕೊಡಬೇಕು ಎಂದು ತಿಳಿಸಿತು. ಹತ್ತು ವರ್ಷ ಕಟ್ಟಿದ ಸಂಬಂಧಕ್ಕೆ ಒಂದು ಪತ್ರ ಸಾಕಾಯಿತು. ಆಗಿನ ಆಡಳಿತವನ್ನು ದೂಷಿಸುವುದು ಸುಲಭ; ನನಗೆ ಹೆಚ್ಚು ಮುಖ್ಯವಾಗಿ ಕಾಣುವುದೆಂದರೆ, ಹಂಚಿಕೆಯ ನಿಯಮ ಕೆಲವು ವ್ಯಕ್ತಿಗಳ ಮಾತಿನ ಮೇಲೆ ನಿಂತಿತ್ತು, ಅವರು ಹೋದಾಗ ಅದೂ ಹೋಯಿತು.

ಹಾಗಾದರೆ ವ್ಯಕ್ತಿಗಳು ಬದಲಾದರೂ ಉಳಿಯುವಂತೆ ಅದನ್ನು ಕಟ್ಟುವುದು ಹೇಗೆ? ಇಲ್ಲಿ ಟೊಯೊಟಾದ ಹೆಸರು ಬಾರದೆ ಇರದು. 1939ರಷ್ಟು ಹಿಂದೆಯೇ ಆ ಕಂಪನಿ ತನ್ನ ಖರೀದಿ ನಿಯಮಗಳಲ್ಲಿ, ಒಮ್ಮೆ ಪೂರೈಕೆದಾರನೆಂದು ಒಪ್ಪಿಕೊಂಡವನನ್ನು ತನ್ನದೇ ಶಾಖೆಯಂತೆ ಕಾಣಬೇಕು, ಸುಮ್ಮಸುಮ್ಮನೆ ಬದಲಿಸಬಾರದು, ಅವನ ಸಾಮರ್ಥ್ಯವನ್ನು ಹೆಚ್ಚಿಸಲು ಶ್ರಮಿಸಬೇಕು ಎಂದು ಬರೆದಿಟ್ಟಿತ್ತು. ಪೂರೈಕೆದಾರರ ಸಂಘವಾದ ಕ್ಯೋಹೋಕಾಯ್ 1943ರಿಂದ ಆ ಹೆಸರಿನಲ್ಲಿ ನಡೆದುಬಂದಿದೆ. ಅಮೆರಿಕದಲ್ಲಿ ಕಾರ್ಖಾನೆ ತೆರೆದ ಮೇಲೆ ಅಲ್ಲಿಯೂ 1989ರಲ್ಲಿ ಇಂಥದೇ ಸಂಘ, 1992ರಲ್ಲಿ ಪೂರೈಕೆದಾರರಿಗೆ ನೆರವಾಗುವ ಕೇಂದ್ರ ಹುಟ್ಟಿದವು. ಟೊಯೊಟಾದ ತಜ್ಞರು ಪೂರೈಕೆದಾರನ ಕಾರ್ಖಾನೆಗೆ ಹೋಗಿ ಯಂತ್ರಗಳ ಜೋಡಣೆ, ಅಚ್ಚು ಬದಲಿಸುವ ಸಮಯ, ಮಧ್ಯದಲ್ಲಿ ಬಿದ್ದಿರುವ ದಾಸ್ತಾನು ಇವುಗಳ ಮೇಲೆ ಅವನ ಕೆಲಸಗಾರರೊಡನೆಯೇ ದುಡಿಯುತ್ತಾರೆ. ಒಂದೇ ಊರಿನ ಸುತ್ತಲಿನ ಹಲವು ಪೂರೈಕೆದಾರರು ಗುಂಪಾಗಿ ಒಬ್ಬರ ಕಾರ್ಖಾನೆಯನ್ನು ಮತ್ತೊಬ್ಬರು ನೋಡಿ ತಿದ್ದುವ ಪದ್ಧತಿಯೂ ಇದೆ. ಹೀಗೆ ಕಲಿತದ್ದನ್ನು ಪೂರೈಕೆದಾರನು ಬೇರೆ ಗ್ರಾಹಕರ ಕೆಲಸಕ್ಕೂ ಬಳಸಿಕೊಳ್ಳಬಹುದು ಎಂಬುದೇ ಇದರ ಪ್ರಬಲ ಆಕರ್ಷಣೆ. ಕಲಿಸಿದ ಮರುದಿನವೇ ಅದರ ಫಲವನ್ನೆಲ್ಲ ದರದಲ್ಲಿ ಹಿಂಡಿಕೊಂಡರೆ ಯಾರೂ ಕಲಿಸುವವರಿಗೆ ಬಾಗಿಲು ತೆರೆಯುವುದಿಲ್ಲ.

ಆದರೆ ಇದನ್ನು ಮೃದು ಧೋರಣೆ ಎಂದು ತಿಳಿಯುವವರು ಒಮ್ಮೆ ಟೊಯೊಟಾದ ದರ ಮಾತುಕತೆಗೆ ಕುಳಿತವರನ್ನು ವಿಚಾರಿಸಬೇಕು. ಅದರ ಗುರಿ ವೆಚ್ಚಗಳು ನಿರ್ದಾಕ್ಷಿಣ್ಯವಾಗಿರುತ್ತವೆ. ಕೇವಲ ದೀರ್ಘಕಾಲದ ಸಂಬಂಧದಿಂದ ಏನೂ ಆಗುವುದಿಲ್ಲ ಎಂಬುದನ್ನು ನಿಸ್ಸಾನ್ ತೋರಿಸಿಕೊಟ್ಟಿದೆ. ಅದಕ್ಕೂ ತಲೆಮಾರುಗಳ ಪೂರೈಕೆದಾರರಿದ್ದರು, ಅವರ ಷೇರುಗಳನ್ನೂ ಅದು ಹೊಂದಿತ್ತು. ಆದರೂ ಬಿಡಿಭಾಗಗಳಿಗೆ ಅದು ಪ್ರತಿಸ್ಪರ್ಧಿಗಳಿಗಿಂತ ಹೆಚ್ಚು ಬೆಲೆ ತೆರುತ್ತಿತ್ತು. 1999ರಲ್ಲಿ ಕಂಪನಿಯನ್ನು ಮೇಲೆತ್ತುವ ಹೊಣೆ ಹೊತ್ತು ಬಂದ ಕಾರ್ಲೋಸ್ ಘೋನ್ ಅವರ ಪುನಶ್ಚೇತನ ಯೋಜನೆಯು ಖರೀದಿ ವೆಚ್ಚವನ್ನು ಮೂರು ವರ್ಷಗಳಲ್ಲಿ ಶೇ. 20ರಷ್ಟು ಇಳಿಸುವ, ಪೂರೈಕೆದಾರರ ಸಂಖ್ಯೆಯನ್ನು 1,145ರಿಂದ ಸುಮಾರು 600ಕ್ಕೆ ತರುವ, ಷೇರುಗಳನ್ನು ಬಹುಮಟ್ಟಿಗೆ ಮಾರಿಬಿಡುವ ಗುರಿಗಳನ್ನು ಇಟ್ಟುಕೊಂಡಿತು. ಅಲ್ಲಿ ಇದ್ದದ್ದು ಸಲಿಗೆ, ಸಹಕಾರವಲ್ಲ. ಕಟ್ಟುನಿಟ್ಟಾದ ಅಳತೆ ಇಲ್ಲದ ಕಡೆ ಉಳಿತಾಯವೇ ಹುಟ್ಟುವುದಿಲ್ಲವಾದ್ದರಿಂದ ಅದನ್ನು ಹಂಚಿಕೊಳ್ಳುವ ಪ್ರಶ್ನೆಯೂ ಬರುವುದಿಲ್ಲ.

ಸಂಕಟ ಬಂದಾಗ ಈ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು 1997ರ ಫೆಬ್ರವರಿ 1ರ ಬೆಳಗಿನ ಜಾವ ಜಪಾನಿನ ಕರಿಯ ನಗರದಲ್ಲಿ ಐಸಿನ್ ಸೇಕಿ ಕಂಪನಿಯ ಕಾರ್ಖಾನೆಗೆ ಬಿದ್ದ ಬೆಂಕಿ ತೋರಿಸಿತು. ಹಿಂದಿನ ಚಕ್ರಗಳ ಬ್ರೇಕಿಗೆ ಹೋಗುವ ಒತ್ತಡವನ್ನು ನಿಯಂತ್ರಿಸುವ ಒಂದು ಸಣ್ಣ ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಟೊಯೊಟಾಗೆ ಬೇಕಾದ ಆ ವಾಲ್ವ್‌ಗಳಲ್ಲಿ ಬಹುತೇಕ ಎಲ್ಲವೂ ಆ ಒಂದೇ ಕಾರ್ಖಾನೆಯಿಂದ ಬರುತ್ತಿದ್ದವು, ಮತ್ತು ದಾಸ್ತಾನು ಬಹಳ ಕಡಿಮೆ ಇಡುವ ಪದ್ಧತಿಯಾದ್ದರಿಂದ ಜೋಡಣಾ ಸಾಲುಗಳು ಬಹುಬೇಗ ನಿಂತವು. ಆಮೇಲೆ ನಡೆದದ್ದು ಉದ್ಯಮದ ಇತಿಹಾಸದಲ್ಲಿ ಅಪರೂಪ. ಐಸಿನ್ ತನ್ನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ನೇರವಾಗಿಯೂ ಪರೋಕ್ಷವಾಗಿಯೂ ಸುಮಾರು 200 ಸಂಸ್ಥೆಗಳು ಕೈಜೋಡಿಸಿದವು. ಅವುಗಳಲ್ಲಿ ಕಾರಿನ ಬಿಡಿಭಾಗವನ್ನೇ ಮಾಡಿರದ, ಹೊಲಿಗೆ ಯಂತ್ರಗಳಿಗೆ ಹೆಸರಾದ ಬ್ರದರ್ ಕಂಪನಿಯೂ ಇತ್ತು. ಯಾವ ಯಂತ್ರ ಕೈಗೆ ಸಿಕ್ಕಿತೋ ಅದನ್ನೇ ಹೊಂದಿಸಿಕೊಂಡು, ಪ್ರತಿಯೊಬ್ಬರೂ ತಮ್ಮದೇ ವಿಧಾನದಲ್ಲಿ ವಾಲ್ವ್ ಕೊರೆದರು. ನಾಲ್ಕನೆಯ ದಿನದ ಹೊತ್ತಿಗೆ ಮೊದಲ ವಾಲ್ವ್‌ಗಳು ಬಂದವು, ಮುಂದಿನ ವಾರ ಉತ್ಪಾದನೆ ಬಹುಮಟ್ಟಿಗೆ ಸರಿಯಾಯಿತು.

ಈ ಪ್ರಸಂಗವನ್ನು ಜಪಾನೀಯರ ಶಿಸ್ತು, ಸಂಸ್ಕೃತಿ ಎಂದು ವರ್ಣಿಸುವವರು ಬಹಳ. ನನ್ನ ಗಮನ ಹೋಗುವುದು ಬೇರೆಡೆಗೆ. ಕೆಲಸಕ್ಕೆ ಇಳಿಯುವ ಮುನ್ನ ದರ ಎಷ್ಟು, ಹೆಚ್ಚಿನ ಸಂಬಳಕ್ಕೆ ಯಾರು ಹೊಣೆ, ಹಾಳಾದ ಉಪಕರಣಕ್ಕೆ ಯಾರು ಹೊಣೆ ಎಂದು ಚೌಕಾಸಿ ನಡೆಯಲಿಲ್ಲ. ಆಮೇಲೆ ಲೆಕ್ಕ ಚುಕ್ತಾ ಆಗುತ್ತದೆ ಎಂದು ಎಲ್ಲರೂ ಎಣಿಸಿದ್ದರು, ಆಯಿತೂ ಕೂಡ: ಐಸಿನ್ ನೇರ ವೆಚ್ಚಗಳನ್ನು ಭರಿಸಿತು, ಟೊಯೊಟಾ ತನ್ನ ಮೊದಲ ಹಂತದ, ಅಂದರೆ ತನಗೇ ನೇರವಾಗಿ ಮಾರುವ, ಪೂರೈಕೆದಾರರಿಗೆ ಆ ತ್ರೈಮಾಸಿಕದಲ್ಲಿ ಅವರು ತನಗೆ ಮಾಡಿದ ಮಾರಾಟದ ಶೇ. 1ರಷ್ಟನ್ನು, ಒಟ್ಟು ಸುಮಾರು 1,500 ಕೋಟಿ ಯೆನ್‌ಗಳನ್ನು, ಕೊಟ್ಟಿತು, ಅವರಲ್ಲಿ ಹಲವರು ಅದನ್ನು ತಮ್ಮ ಕೆಳಗಿನ ಹಂತದವರಿಗೂ ಹಂಚಿದರು. ಹಿಂದಿನ ವ್ಯವಹಾರಗಳಲ್ಲಿ ಲೆಕ್ಕ ಸರಿಯಾಗಿ ತೀರಿದ್ದರಿಂದಲೇ ಆ ಬೆಳಗ್ಗೆ ಯಾರೂ ಲೆಕ್ಕ ಕೇಳಲಿಲ್ಲ. 2016ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಕಂಡದ್ದು ಇದಕ್ಕೆ ನೇರ ವಿರುದ್ಧ ಚಿತ್ರ. ರದ್ದಾದ ಒಪ್ಪಂದವೊಂದರ ಪರಿಹಾರದ ಬಗೆಗಿನ ಜಗಳದಲ್ಲಿ ಪ್ರಿವೆಂಟ್ ಗುಂಪಿನ ಎರಡು ಕಂಪನಿಗಳು ಫೋಕ್ಸ್‌ವ್ಯಾಗನ್‌ಗೆ ಸೀಟಿನ ಹೊದಿಕೆ ಮತ್ತು ಗೇರ್‌ಬಾಕ್ಸ್ ಭಾಗಗಳ ಪೂರೈಕೆಯನ್ನು ನಿಲ್ಲಿಸಿದವು. ಸುಮಾರು 28,000 ಕೆಲಸಗಾರರ ಕೆಲಸಕ್ಕೆ ಧಕ್ಕೆಯಾಯಿತು. ಒಬ್ಬನೇ ಪೂರೈಕೆದಾರನನ್ನು ನೆಚ್ಚಿಕೊಂಡದ್ದು ಎರಡೂ ಕಡೆ ಸಮಾನ, ಫಲ ಮಾತ್ರ ಬೇರೆ.

ದಿನನಿತ್ಯದ ವ್ಯವಹಾರದಲ್ಲಿ ಈ ಲೆಕ್ಕ ಯಾವ ಯಾವ ಜಾಗಗಳಲ್ಲಿ ಅಡಗಿರುತ್ತದೆ ಎಂಬುದನ್ನು ಹೇಳದೆ ಹೋದರೆ ಮಾತು ಗಾಳಿಯಲ್ಲಿ ಉಳಿಯುತ್ತದೆ. ಮೊದಲನೆಯದು ಉತ್ಪಾದನೆಯ ಮುಂಗಡ ಅಂದಾಜು. ವಾಹನ ಕಂಪನಿ ವರ್ಷಕ್ಕೆ ಒಂದು ಲಕ್ಷ ಸೆಟ್ ಬೇಕೆಂದು ಹೇಳುತ್ತದೆ, ಪೂರೈಕೆದಾರನು ಅದಕ್ಕೆ ತಕ್ಕಂತೆ ಪ್ರೆಸ್, ಅಚ್ಚು, ಜಾಗಕ್ಕೆ ಬಂಡವಾಳ ಹೂಡುತ್ತಾನೆ, ಅಚ್ಚಿನ ವೆಚ್ಚವನ್ನು ಬಿಡಿಭಾಗದ ದರದಲ್ಲಿ ಹಂಚಿ ಹಾಕುತ್ತಾನೆ. ಕಾರು ನಿರೀಕ್ಷಿಸಿದಷ್ಟು ಮಾರಾಟವಾಗದೆ ಅರವತ್ತು ಸಾವಿರಕ್ಕೆ ನಿಂತರೆ ಉಳಿದ ನಲವತ್ತು ಸಾವಿರದ ಮೇಲಿದ್ದ ಅಚ್ಚಿನ ಹಣ ಯಾರದು? ಬರಹದಲ್ಲಿ ಇದಕ್ಕೆ ಉತ್ತರವಿಲ್ಲದ ಒಪ್ಪಂದಗಳನ್ನು ನಾನು ಬಹಳ ನೋಡಿದ್ದೇನೆ. ಉತ್ತರವಿಲ್ಲ ಎಂದರೆ ಪೂರೈಕೆದಾರನದು ಎಂದೇ ಅರ್ಥ. ಅಚ್ಚಿಗೆ ಪ್ರತ್ಯೇಕವಾಗಿ ಹಣ ಕೊಟ್ಟು ಅದನ್ನು ತನ್ನ ಆಸ್ತಿಯಾಗಿ ಇಟ್ಟುಕೊಳ್ಳುವ, ಇಲ್ಲವೇ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಉಳಿದ ಮೊತ್ತವನ್ನು ತುಂಬಿಕೊಡುವ ಕಂಪನಿಗೆ ಮೊದಲ ದಿನವೇ ಪ್ರಾಮಾಣಿಕವಾದ ಕೊಟೇಶನ್ ಸಿಗುತ್ತದೆ, ಏಕೆಂದರೆ ಅದರಲ್ಲಿ ಭಯದ ಬಾಬ್ತು ಸೇರಿರುವುದಿಲ್ಲ. ಉಕ್ಕು, ಅಲ್ಯೂಮಿನಿಯಂ, ತಾಮ್ರದ ಬೆಲೆಯನ್ನು ಮಾರುಕಟ್ಟೆಯ ಸೂಚ್ಯಂಕಕ್ಕೆ ಕಟ್ಟಿ ತಿಂಗಳಿಗೋ ತ್ರೈಮಾಸಿಕಕ್ಕೋ ದರ ತಿದ್ದುವುದೂ ಇದೇ ಜಾತಿಯ ಏರ್ಪಾಡು. ಬಿಲ್ಲಿನ ಹಣ ಪಾವತಿಯಾಗುವ ಅವಧಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಣವನ್ನು ತಿಂಗಳುಗಟ್ಟಲೆ ತಡೆಹಿಡಿಯುವ ಕಂಪನಿ ತನಗಿಂತ ಹೆಚ್ಚಿನ ಬಡ್ಡಿಗೆ ಸಾಲ ತರುವವನಿಂದ ಸಾಲ ಪಡೆಯುತ್ತಿರುತ್ತದೆ, ಆ ಬಡ್ಡಿ ಹೇಗೂ ದರದೊಳಗೆ ಬಂದು ಕೂರುತ್ತದೆ.

ವೆಚ್ಚದ ಪಟ್ಟಿಯನ್ನು ಬಿಚ್ಚಿಡುವ ವಿಷಯ ಇನ್ನಷ್ಟು ಸೂಕ್ಷ್ಮ. ಕಚ್ಚಾವಸ್ತು ಎಷ್ಟು, ಯಂತ್ರದ ಗಂಟೆಗೆ ಎಷ್ಟು, ಲಾಭ ಎಷ್ಟು ಎಂದು ಪೂರೈಕೆದಾರನು ತೆರೆದು ತೋರಿಸಿದರೆ ಎಲ್ಲಿ ಕಡಿಮೆ ಮಾಡಬಹುದೆಂದು ಇಬ್ಬರೂ ನೋಡಬಹುದು ಎಂಬುದು ತತ್ತ್ವ. ವ್ಯವಹಾರದಲ್ಲಿ ಪರ್ಚೇಸ್ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಲಾಭದ ಸಾಲಿಗೆ. ಆ ಸಾಲನ್ನು ಮುಟ್ಟುವುದಿಲ್ಲ ಎಂಬ ಮಾತು ಒಪ್ಪಂದದಲ್ಲಿಯೇ ಇರಬೇಕು, ಮತ್ತು ಪಟ್ಟಿಯನ್ನು ನೋಡುವವರು ದರ ಮಾತನಾಡುವವರಾಗದೆ ಎಂಜಿನಿಯರುಗಳಾಗಿದ್ದರೆ ಒಳ್ಳೆಯದು. ಇದಲ್ಲದೆ ಹೋದರೆ ಎರಡು ಪಟ್ಟಿಗಳು ಹುಟ್ಟುತ್ತವೆ: ತೋರಿಸುವುದೊಂದು, ನಡೆಸುವುದೊಂದು.

ಗುಣಮಟ್ಟದ ಮಾಹಿತಿಗೂ ಇದೇ ಗತಿ. ದೋಷ ಕಂಡೊಡನೆ ಡೆಬಿಟ್ ನೋಟ್ (ಬಿಲ್ಲಿನ ಹಣದಲ್ಲಿ ಕಡಿತ ಮಾಡುವ ಚೀಟಿ) ಬರುತ್ತದೆ ಎಂದಾದರೆ ದೋಷವನ್ನು ಮೊದಲು ಕಂಡವನು ಸುಮ್ಮನಿರುತ್ತಾನೆ. ಮಾಹಿತಿ ಒಂದೆಡೆ ಸೇರದೆ ಇಬ್ಬರ ಬಳಿ ಚದುರಿಹೋಗಿದ್ದರೆ ಎಂಥ ಅನಾಹುತವಾಗಬಹುದು ಎಂಬುದಕ್ಕೆ 2000ದಲ್ಲಿ ಫೋರ್ಡ್ ಮತ್ತು ಅದಕ್ಕೆ ಟೈರು ಒದಗಿಸುತ್ತಿದ್ದ ಫೈರ್‌ಸ್ಟೋನ್ ನಡುವೆ ನಡೆದದ್ದನ್ನು ನೆನೆಯಬಹುದು. ಟೈರಿನ ವಾರಂಟಿಯನ್ನು ಕೊಡುತ್ತಿದ್ದುದು ಟೈರ್ ಕಂಪನಿ, ಆದ್ದರಿಂದ ಟೈರಿನ ದೂರುಗಳ ದಾಖಲೆಯೂ ಅದರ ಬಳಿಯೇ ಇತ್ತು. ವಾಹನದ ದಾಖಲೆ ಫೋರ್ಡ್ ಬಳಿ ಇತ್ತು. ಟೈರುಗಳು ಕೆಟ್ಟು ಅಪಘಾತಗಳಾಗಿ ಜೀವಗಳು ಹೋದ ಮೇಲೆ ಲಕ್ಷಾಂತರ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು, 2001ರ ಮೇ ತಿಂಗಳಿನಲ್ಲಿ ಸುಮಾರು ಒಂದು ಶತಮಾನದ ಸಂಬಂಧ ಪರಸ್ಪರ ದೋಷಾರೋಪದಲ್ಲಿ ಮುರಿದುಬಿತ್ತು.

ಮೊದಲ ಹಂತದವರೊಡನೆ ಮಾತ್ರ ಚೆನ್ನಾಗಿದ್ದು ಕೆಳಗಿನವರ ಕಡೆಗೆ ಬೆನ್ನು ಹಾಕುವುದೂ ಸಾಮಾನ್ಯ. ವಾಹನ ಕಂಪನಿ ಮೊದಲ ಹಂತದವನಿಂದ ಶೇ. 3 ಕೇಳುತ್ತದೆ, ಅವನು ಎರಡನೆಯ ಹಂತದವನಿಂದ ಶೇ. 5 ಕೇಳುತ್ತಾನೆ, ಸರಪಳಿಯ ತುದಿಯಲ್ಲಿ ಹತ್ತು ಜನರ ವರ್ಕ್‌ಷಾಪ್ ನಡೆಸುವವನಿಗೆ ಕೇಳಲು ಯಾರೂ ಉಳಿದಿರುವುದಿಲ್ಲ. ಇದು ಕೇವಲ ಸೌಜನ್ಯಕ್ಕೆ ಬಿಡುವ ವಿಷಯವಲ್ಲವೆಂದು ಜಪಾನ್ 1956ರಲ್ಲಿಯೇ ಕಾನೂನು ಮಾಡಿತು. ಉಪಗುತ್ತಿಗೆದಾರರಿಗೆ 60 ದಿನಗಳೊಳಗೆ ಹಣ ಸಲ್ಲಬೇಕು, ಒಪ್ಪಿದ ದರವನ್ನು ಆಮೇಲೆ ಏಕಪಕ್ಷೀಯವಾಗಿ ಕಡಿಯಬಾರದು ಎಂಬವು ಅದರ ಕಟ್ಟಳೆಗಳಲ್ಲಿ ಸೇರಿವೆ. ಆದರೂ 2024ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯೋಚಿತ ವ್ಯಾಪಾರ ಆಯೋಗವು, 36 ಉಪಗುತ್ತಿಗೆದಾರರಿಗೆ ಸಲ್ಲಬೇಕಿದ್ದ ಸುಮಾರು 300 ಕೋಟಿ ಯೆನ್‌ಗಳನ್ನು ಅನ್ಯಾಯವಾಗಿ ಕಡಿತ ಮಾಡಿದ್ದಕ್ಕಾಗಿ ನಿಸ್ಸಾನ್‌ಗೆ ಎಚ್ಚರಿಕೆ ಕೊಡಬೇಕಾಯಿತು.

ಕೆಳಗಿನ ಹಂತಗಳು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಅವು ಕುಸಿದಾಗ. 2011ರ ಮಾರ್ಚ್ ಭೂಕಂಪದಲ್ಲಿ ರೆನೆಸಾಸ್ ಕಂಪನಿಯ ನಾಕಾ ಚಿಪ್ ಕಾರ್ಖಾನೆ ನಿಂತಾಗ ವಾಹನ ಕಂಪನಿಗಳೂ ಇತರರೂ ತಮ್ಮ ಜನರನ್ನು ಕಳಿಸಿದರು. ಒಂದೊಂದು ದಿನ 2,500 ಜನರವರೆಗೆ ಅಲ್ಲಿ ದುಡಿದು ಜೂನ್ ಆರಂಭದಲ್ಲಿ ಉತ್ಪಾದನೆಯನ್ನು ಮತ್ತೆ ಶುರುಮಾಡಿಸಿದರು. ಆ ಬಳಿಕ ಟೊಯೊಟಾ ಕೆಳಗಿನ ಹಂತಗಳ ಕಾರ್ಖಾನೆಗಳು ಎಲ್ಲೆಲ್ಲಿವೆ ಎಂಬ ದಾಖಲೆಯನ್ನು ಕಟ್ಟಿಕೊಂಡಿತು, ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿನಷ್ಟು ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಹೇಳಿತು. ದಾಸ್ತಾನು ಇಡಿ ಎಂದು ಹೇಳುವುದು ಸುಲಭ. ಅದಕ್ಕೆ ತಗಲುವ ವೆಚ್ಚಕ್ಕಾಗಿ ವಾರ್ಷಿಕ ದರ ಇಳಿಕೆಯಲ್ಲಿ ಬಂದ ಹಣದ ಒಂದು ಭಾಗವನ್ನು ಅದು ಹಿಂದಿರುಗಿಸುತ್ತಿತ್ತು ಎಂಬುದು ನನ್ನ ಮಟ್ಟಿಗೆ ಇಡೀ ಪ್ರಸಂಗದ ತಿರುಳು. 2020ರಲ್ಲಿ ಸಾಂಕ್ರಾಮಿಕದ ಭಯದಿಂದ ಹಲವು ವಾಹನ ಕಂಪನಿಗಳು ಚಿಪ್ ಆರ್ಡರ್‌ಗಳನ್ನು ರದ್ದು ಮಾಡಿ, ಬೇಡಿಕೆ ಮರಳಿದಾಗ ಸಾಲಿನ ಕೊನೆಯಲ್ಲಿ ನಿಂತಿದ್ದವು. ಟೊಯೊಟಾ ಕೆಲವು ತಿಂಗಳು ತಡೆದುಕೊಂಡಿತು, 2021ರ ಸೆಪ್ಟೆಂಬರ್‌ಗೆ ಮಾತ್ರ ಅದೂ ಉತ್ಪಾದನೆಯನ್ನು ಶೇ. 40ರಷ್ಟು ಕಡಿತಗೊಳಿಸಬೇಕಾಯಿತು. ಸಹಕಾರಕ್ಕೂ ಒಂದು ಮಿತಿ ಇದೆ. ಆಮೇಲೆ ಫೋರ್ಡ್, ಜನರಲ್ ಮೋಟಾರ್ಸ್ ಮುಂತಾದವು ನೇರವಾಗಿ ಚಿಪ್ ತಯಾರಕರೊಡನೆಯೇ ಒಪ್ಪಂದಕ್ಕೆ ಇಳಿದಿವೆ. ಚಿಪ್ ತಯಾರಕರ ಎದುರಿಗೆ ವಾಹನ ಕಂಪನಿ ಇತರ ಹಲವು ಗ್ರಾಹಕರ ನಡುವಿನ ಒಬ್ಬ ಗ್ರಾಹಕ ಅಷ್ಟೆ; ಅಲ್ಲಿ ಹಳೆಯ ಗದರಿಕೆಯ ಭಾಷೆ ನಡೆಯುವುದಿಲ್ಲ ಎಂಬುದನ್ನು ಖರೀದಿ ವಿಭಾಗಗಳು ಕಲಿಯುತ್ತಿವೆ.

ಇಷ್ಟೆಲ್ಲ ಗೊತ್ತಿದ್ದೂ ಬದಲಾವಣೆ ಏಕೆ ನಿಧಾನ ಎಂದು ಕೇಳಿದರೆ, ಪರ್ಚೇಸ್ ಅಧಿಕಾರಿಯ ವಾರ್ಷಿಕ ಮೌಲ್ಯಮಾಪನದ ನಮೂನೆಯನ್ನು ನೋಡಿ ಎಂದು ನಾನು ಹೇಳುತ್ತೇನೆ. ಕಳೆದ ವರ್ಷದ ದರಕ್ಕಿಂತ ಈ ವರ್ಷ ಎಷ್ಟು ಇಳಿಸಿದೆ ಎಂಬ ಒಂದೇ ಅಂಕಿಯ ಮೇಲೆ ಬಡ್ತಿ ನಿಂತಿರುವವರೆಗೆ, ಆ ಅಧಿಕಾರಿ ಎಷ್ಟೇ ಸಜ್ಜನನಾಗಿದ್ದರೂ ಪೂರೈಕೆದಾರನ ಅರ್ಧ ಪಾಲನ್ನು ಬಿಟ್ಟುಕೊಡಲಾರ. ಎರಡು ಮೂರು ವರ್ಷಕ್ಕೊಮ್ಮೆ ಅವನ ಹುದ್ದೆ ಬದಲಾಗುವುದರಿಂದ ಇಂದು ಹಿಂಡಿದ್ದರ ಫಲವನ್ನು ಮುಂದೆ ಅನುಭವಿಸುವವನು ಬೇರೊಬ್ಬನಾಗಿರುತ್ತಾನೆ. ಆ ನಮೂನೆಯಲ್ಲಿ ಪೂರೈಕೆದಾರರಿಂದ ಬಂದು ಜಾರಿಯಾದ ಸಲಹೆಗಳ ಸಂಖ್ಯೆ, ಸಲಹೆಗೆ ಉತ್ತರ ಕೊಡಲು ಹಿಡಿದ ದಿನಗಳು, ಮುಂಗಡ ಅಂದಾಜಿಗೂ ನಿಜವಾದ ಖರೀದಿಗೂ ಇದ್ದ ವ್ಯತ್ಯಾಸ, ವಾಯಿದೆಯೊಳಗೆ ಪಾವತಿಯಾದ ಬಿಲ್ಲುಗಳ ಪ್ರಮಾಣ ಇವು ಸೇರಬೇಕು. ಇವುಗಳಲ್ಲಿ ಯಾವುದನ್ನು ಲೆಕ್ಕ ಹಾಕುವುದಕ್ಕೂ ಹೊಸ ತಂತ್ರಾಂಶ ಬೇಕಿಲ್ಲ, ಅಂಕಿಗಳೆಲ್ಲ ಕಂಪನಿಯ ಲೆಕ್ಕಪತ್ರಗಳಲ್ಲಿ ಈಗಾಗಲೇ ಇವೆ.